ಮೇಣದ ಒಸಡು

ದುರ್ಗಿಗುಡಿ, ಔಷಧಿ ಅಂಗಡಿಯ ಹಿಂದಿನ ಕೋಣೆ.
ಶೆಟರ್ ಅರ್ಧ ಇಳಿಸಿದ್ದೇನೆ.
ಬೆಂಚಿನ ಮೇಲೆ ಮೂರು ಬಾಯಿ:
ಒಂದು ಹೊಳೆಹೊನ್ನೂರಿನದು, ಒಂದು ಆಯನೂರಿನದು,
ಮೂರನೆಯದರ ಯಜಮಾನರು ಇಲ್ಲೇ ಸ್ಟೂಲಿನ ಮೇಲೆ
ಬೋಳು ಬಾಯಲ್ಲಿ ನಗುತ್ತಾ ಕೂತಿದ್ದಾರೆ.

ಸವರಿಮುತ್ತಣ್ಣ.
ಭದ್ರಾವತಿಯ ಕಾರ್ಖಾನೆ ಕ್ಲಬ್ಬಿನಲ್ಲಿ
ತಿಂಗಳಿಗೊಂದು ಶನಿವಾರ ಇಂಗ್ಲಿಷ್ ಪಿಕ್ಚರು ಬಿಡುತ್ತಿದ್ದವರು,
ಉಳಿದ ದಿನ ಎರಕದ ಮನೆಗೆ ಮರದ ಮಾದರಿ ಕೆತ್ತುತ್ತಿದ್ದವರು.

ಲ್ಯಾಪ್‌ಟಾಪಿನಲ್ಲಿ ಅದೇ ಪಿಕ್ಚರು, ನಲವತ್ತೊಂದು ವರ್ಷದ ಮೇಲೆ.
ಹಡಗು ಒಡೆದವರು, ದ್ವೀಪ, ಹೊಗೆಯುಗುಳುವ ಗುಡ್ಡ,
ಆಮೇಲೆ ಅದು.
ತೆಂಗಿನ ಮರದಷ್ಟು ಕತ್ತು, ಚಿಪ್ಪುಹಂದಿಯ ಮೈ,
ಹೆಜ್ಜೆಗೊಮ್ಮೆ ಸಣ್ಣಗೆ ನಡುಗುವ ಮೃಗ,
ಚಳಿಜ್ವರ ಬಂದ ಹಾಗೆ.

ನಿಲ್ಲಿಸಿದೆ. ಒಂದೇ ಒಂದು ಚಿತ್ರ ಮುಂದೆ ಒತ್ತಿದೆ. ಮತ್ತೆ ನಿಲ್ಲಿಸಿದೆ.
ಕತ್ತಿನ ಬುಡದಲ್ಲೊಂದು ತಗ್ಗು.
ಮುಂದಿನದರಲ್ಲಿ ಅದು ಸ್ವಲ್ಪ ಪಕ್ಕಕ್ಕೆ.
ಹೆಬ್ಬೆಟ್ಟು!
ನನಗೆ ಗೊತ್ತಾಗದೆ ಇದ್ದೀತೇ? ಇಪ್ಪತ್ತಾರು ವರ್ಷದಿಂದ
ಬಿಸಿ ಮೇಣದ ಒಸಡಿನ ಮೇಲೆ ನಾನು ಬಿಡುವ ಗುರುತೂ ಅದೇ.
ಸ್ಪಿರಿಟ್ ದೀಪದ ಉರಿ ಸೋಕಿಸಿ ಅಳಿಸಿಬಿಡುತ್ತೇನೆ.
ಅವನ್ಯಾರೋ ಅಳಿಸಲಿಲ್ಲ.
ಎಲ್ಲೋ ಒಂದೂರಲ್ಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ,
ಒಂದು ಕಾಲು ಎತ್ತಲು ಅವನಿಗೆ ಒಂದು ಮಧ್ಯಾಹ್ನ.
ಆ ಕಾಲು ನೆಲ ಮುಟ್ಟುವಷ್ಟರಲ್ಲಿ ಕಾಫಿ ಆರಿದೆ,
ಬಾಡಿಗೆಯವನು ಬಂದು ಹೋಗಿದ್ದಾನೆ,
ದವಡೆಯಲ್ಲೊಂದು ನೋವು ಶುರುವಾಗಿದ್ದರೂ ಇರಬಹುದು.

ಒಂಬತ್ತು ವರ್ಷದ ನಾನು ಟಾರ್ಪಾಲಿನ ಮೇಲೆ, ಮುಂದಿನ ಸಾಲು.
ಗಾಳಿಗೆ ಉಬ್ಬುವ ಪರದೆ,
ಎರಡನೇ ಪಾಳಿ ಮುಗಿದ ಸೈರನ್ನು.
ಮೆಷೀನಿನ ಪಕ್ಕ ನಿಂತು ಸವರಿಮುತ್ತಣ್ಣ
ಇಂಗ್ಲಿಷನ್ನು ಕನ್ನಡ ಮಾಡಿ ಕೂಗುತ್ತಿದ್ದರು:
"ಕ್ಯಾಪ್ಟನ್ ಹೇಳ್ತಾವ್ನೆ, ಗುಂಡು ಹೊಡೀಬೇಡ್ರೋ,
ಪಾಪ ಅದಕ್ಕೆ ಹಸಿವು ಕಣ್ರೋ!"
ಹೊಡೆದರು. ಬಿತ್ತು.
ಬೀಳುವುದಕ್ಕೆ ಎಷ್ಟು ಹೊತ್ತು ತೆಗೆದುಕೊಂಡಿತು!
ಕುಲುಮೆಯ ಮುಂದೆ ನಿಂತು ಬಂದ ಗಂಡಸರೂ ಮೂಗು ಒರೆಸಿಕೊಂಡರು.

ಹೈಸ್ಕೂಲಿನಲ್ಲಿ ಆ ಕಾದಂಬರಿ ಹುಡುಕಿ ತಂದೆ,
ನಿಘಂಟು ಪಕ್ಕಕ್ಕಿಟ್ಟುಕೊಂಡು ಒಂದಿಡೀ ದಸರಾ ರಜೆ ಓದಿದೆ.
ಹಡಗಿತ್ತು. ದ್ವೀಪವಿತ್ತು. ಉಳಿದ ಮೊಳೆ ಎಷ್ಟು,
ಹಗ್ಗ ಎಷ್ಟು ಮಾರು, ಉಪ್ಪು ಕಾಯಿಸುವ ಬಗೆ, ಎಲ್ಲ ಇತ್ತು.
ಮೃಗ ಇರಲಿಲ್ಲ.
ಕೊನೆಯ ಪುಟದ ತನಕ ಕಾದೆ.
ಮೋಸ ಯಾರದು ಅಂತ ತಿಳಿಯದೆ
ಪುಸ್ತಕ ವಾಪಸು ಕೊಟ್ಟು ಎಂಟಾಣೆ ದಂಡ ಕಟ್ಟಿ ಬಂದೆ.

ಈಗ ಪರದೆಯ ಅಡಿಯಲ್ಲಿ ಅಕ್ಷರ ಮೂಡುತ್ತದೆ.
ಕ್ಯಾಪ್ಟನ್ ಬಾಯಿ ತೆರೆದ:
ಕಣ್ಣಿಗೆ ಗುರಿ ಇಡಿ, ಚರ್ಮ ಹಾಳಾಗಬಾರದು, ಬೆಲೆಯಿದೆ.
ಅಷ್ಟೆ.
ಹಸಿವಿನ ಸುದ್ದಿಯೇ ಇಲ್ಲ.

ತಿರುಗಿ ನೋಡಿದೆ. ಸವರಿಮುತ್ತಣ್ಣ ಮೊಣಕಾಲು ಉಜ್ಜಿಕೊಂಡರು.
"ಅವತ್ತು ಸೌಂಡ್ ಲ್ಯಾಂಪು ಸುಟ್ಟೋಗಿತ್ತು ಕಣಮ್ಮ.
ಇನ್ನೂರು ಜನ ಕೂತವ್ರೆ, ಏನ್ ಮಾಡ್ಲಿ?
ಅದರ ಮೂತಿ ನೋಡ್ದೆ, ತೋಚಿದ್ದು ಹೇಳ್ದೆ."
ಆದರೆ ನಾನು ಕೇಳಿದ್ದೆನಲ್ಲ, ಆ ಘರ್ಜನೆ,
ವಾರಗಟ್ಟಲೆ ರಾತ್ರಿ ಎದ್ದು ಕೂತಿದ್ದೆನಲ್ಲ?
"ಅದೂ ನಾನೇಯ."

ಹಲ್ಲು ಕೂರಿಸಿದೆ. ಮೇಲಿನದು, ಆಮೇಲೆ ಕೆಳಗಿನದು.
ನೀಲಿ ಕಾಗದ ಕಚ್ಚಿಸಿದೆ. ಎಡ ದವಡೆ ಸರಿ, ಬಲವೂ ಸರಿ.
ಪರದೆಯಲ್ಲಿ ಮೃಗ ಬೀಳುತ್ತಿತ್ತು:
ಒಂದು ಮೊಣಕಾಲು, ತಡೆದು ಇನ್ನೊಂದು, ಆಮೇಲೆ ಕತ್ತು.
ಬೀಳುತ್ತಿಲ್ಲ, ಯಾರೋ ಮಲಗಿಸುತ್ತಿದ್ದಾರೆ,
ತೊಟ್ಟಿಲಿಗೆ ಇಳಿಸುವ ಕೈ, ನಿದ್ದೆ ಕೆಡದ ಹಾಗೆ.

ಏನಾದರೂ ಮಾತಾಡಿ ನೋಡಿ, ಅಂದೆ.
ಅವರು ಎದ್ದು ನಿಂತರು. ಗಂಟಲು ಸರಿ ಮಾಡಿಕೊಂಡು
ಇಡೀ ಕ್ಲಬ್ಬಿನ ಅಂಗಳಕ್ಕೆ ಕೇಳುವಂತೆ:
"ಪಾಪ ಅದಕ್ಕೆ ಹಸಿವು ಕಣ್ರೋ!"

ಸಕಾರ ಸೀಟಿ ಹೊಡೆಯಿತು.
ಮುಂದಿನ ಎರಡು ಹಲ್ಲಿನ ಹಿಂದೆ
ಕೂದಲೆಳೆಯಷ್ಟು ಉಜ್ಜಬೇಕು.